ಸೊಟ್ಟು ತೆಗೆಯುವ ವಿದ್ಯೆ

ಹಟ್ಟಿಯ ಹೆಸರೆತ್ತಿದೊಡನೆ ಎಲ್ಲರಿಗೂ ನೆನಪಾಗುವುದು ಚಿನ್ನ. ಅದು ಸಹಜವೇ. ಕೋಲಾರದ ಗಣಿ ೨೦೦೧ರಲ್ಲಿ ಮುಚ್ಚಿದ ಮೇಲಂತೂ ನಮ್ಮ ನಾಡಿನ ಚಿನ್ನದ ಹೆಸರನ್ನು ಉಳಿಸಿಕೊಂಡು ಬಂದದ್ದು ಲಿಂಗಸುಗೂರು ಸೀಮೆಯ ಈ ಊರೇ. ಆದರೆ ನಾನು ಹೇಳಹೊರಟಿರುವುದು ಚಿನ್ನದ ಮಾತಲ್ಲ, ಕಬ್ಬಿಣದ ಮಾತು. ಅದರಲ್ಲಿಯೂ ಸೊಟ್ಟಾದ ಕಬ್ಬಿಣದ ಮಾತು. ಟ್ರ್ಯಾಕ್ಟರಿನ ಮುಂಭಾಗದಲ್ಲಿ ಮಣ್ಣು, ಗೊಬ್ಬರ, ಮರಳು ಎತ್ತುವ ಲೋಡರು ಇರುತ್ತದಷ್ಟೆ. ಅದರ ಎರಡು ತೋಳುಗಳಿಗೆ ಬಕೆಟ್ಟನ್ನು ಹಿಡಿಸುವ ಒಂದು ಕಬ್ಬಿಣದ ಪ್ಲೇಟು ಉಂಟು. ಆ ಪ್ಲೇಟು ಬಾಗಿದರೆ ನೆಟ್ಟಗೆ ಮಾಡುವುದು ಹೇಗೆ ಎಂಬುದೇ ವಿಷಯ. ಇದರಲ್ಲಿ ಚರಿತ್ರೆಯೇನು ಬಂತು ಎಂದು ವಾಚಕರು ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿದರೆ, ಅಶೋಕನ ಕಾಲದಿಂದ ಈಚೆಗೆ ಈ ಸೀಮೆಯಲ್ಲಿ ನಡೆದುಬಂದ ಒಂದು ವಿದ್ಯೆಯ ಕಥೆ ಅದರ ಬೆನ್ನಿಗೇ ಅಂಟಿಕೊಂಡಿರುವುದು ಕಾಣುತ್ತದೆ.

ಮೊದಲು ಆ ಪ್ಲೇಟು ಎಂಥದೆಂದು ತಿಳಿಯೋಣ. ಕ್ವಿಕ್ ಅಟ್ಯಾಚ್ ಪ್ಲೇಟು ಎಂದು ಅದರ ಹೆಸರು. ಅನೇಕ ಲೋಡರುಗಳಲ್ಲಿ ಬಕೆಟ್ಟನ್ನು ದಪ್ಪ ಪಿನ್ನುಗಳಿಂದ ನೇರವಾಗಿ ತೋಳಿಗೇ ಕೂಡಿಸಿರುತ್ತಾರೆ. ಬಕೆಟ್ಟು ತೆಗೆದು ಬೇರೆ ಉಪಕರಣ ಹಾಕಬೇಕಾದರೆ ಸುತ್ತಿಗೆ ಹಿಡಿದು ಅರ್ಧ ದಿನ ಗುದ್ದಾಡಬೇಕು. ಈ ಪ್ಲೇಟು ಇದ್ದರೆ ಆ ತಾಪತ್ರಯವಿಲ್ಲ. ಪ್ಲೇಟಿನ ಮೇಲಂಚು ತುಸು ಓರೆಯಾಗಿರುತ್ತದೆ. ಬಕೆಟ್ಟಿನ ಬೆನ್ನಿನಲ್ಲಿ ಅದಕ್ಕೆ ತಕ್ಕ ತುಟಿ ಇರುತ್ತದೆ. ಚಾಲಕನು ಮುಂದೆ ಬಂದು ಅಂಚನ್ನು ತುಟಿಯ ಕೆಳಗೆ ಸೇರಿಸಿ, ಹಿಂದಕ್ಕೆ ವಾಲಿಸಿದರೆ ಬಕೆಟ್ಟು ತಾನಾಗಿಯೇ ಬಂದು ಕೂರುತ್ತದೆ. ಆಮೇಲೆ ಎರಡು ಹಿಡಿಗಳನ್ನು ಅದುಮಿದರೆ ಎರಡು ಪಿನ್ನುಗಳು ಕೆಳಗಿನ ಕಿಂಡಿಗಳಲ್ಲಿ ಇಳಿದು ಬೀಗ ಬೀಳುತ್ತದೆ. ಭಾರವನ್ನು ಹೊರುವುದು ಮೇಲಂಚು. ಬಕೆಟ್ಟಿನ ಬುಡ ಮುಂದಕ್ಕೆ ಚಿಮ್ಮದಂತೆ ಹಿಡಿಯುವುದು ಪಿನ್ನು. ಈ ಎರಡರ ನಡುವೆ ಪ್ಲೇಟು ಸಪಾಟಾಗಿದ್ದರೆ ಎಲ್ಲವೂ ಸರಿ.

ಅದು ಬಾಗುವುದು ಹೇಗೆ? ಬಕೆಟ್ಟಿನ ಒಂದೇ ಮೂಲೆಯಿಂದ ಬಂಡೆಯನ್ನೋ ಜಾಲಿಯ ಬೇರನ್ನೋ ಮೀಟಿದರೆ ಬಾಗುತ್ತದೆ. ಒಂದು ಪಿನ್ನು ಪೂರ್ತಿ ಇಳಿಯದೆ ಭಾರ ಎತ್ತಿದರೆ ಬಾಗುತ್ತದೆ. ಬಕೆಟ್ಟಿನ ಬದಲು ಉದ್ದನೆಯ ಮುಳ್ಳುಗಳನ್ನು ಹಾಕಿ ಅವುಗಳ ತುದಿಯಲ್ಲಿ ಭಾರವಿಟ್ಟರೆ ಇನ್ನೂ ಬೇಗ ಬಾಗುತ್ತದೆ. ಸನ್ನೆಗೋಲು ಉದ್ದವಾದಷ್ಟೂ ಅದರ ಪೆಟ್ಟು ಹೆಚ್ಚು. ಮೇಲಂಚು ಒಂದು ಬೆರಳಗಲ ಬಾಗಿದರೂ ಕೆಳಗಿನ ಪಿನ್ನು ಕಿಂಡಿಗೆ ನೇರವಾಗಿ ಬರುವುದಿಲ್ಲ. ಹಿಡಿ ಅದುಮಿದಂತೆ ಕಾಣುತ್ತದೆ, ಬೀಗ ಬಿದ್ದಿರುವುದಿಲ್ಲ. ಕ್ವಿಂಟಾಲುಗಟ್ಟಲೆ ಭಾರದ ಬಕೆಟ್ಟು ಆಳೆತ್ತರದಲ್ಲಿ, ಕೆಳಗೆ ಸಲಿಕೆ ಹಿಡಿದ ಕೂಲಿಯವರು. ನಮ್ಮ ಕಡೆ ಯಂತ್ರ ನಡೆಯುವಲ್ಲಿ ಹುಡುಗರು ನೆರೆಯದ ದಿನವುಂಟೆ? ಆದ್ದರಿಂದ ಈ ಸೊಟ್ಟು ಬರಿಯ ಸೊಟ್ಟಲ್ಲ.

ಎತ್ತಿನ ಕಾಲದಲ್ಲಿ ಇಂಥ ಪ್ರಶ್ನೆ ಇರಲಿಲ್ಲ. ನೊಗಕ್ಕೂ ಈಸಿಗೂ ಗಂಟು ಹಾಕಿದ್ದು ಚರ್ಮದ ಮಿಣಿ. ನೇಗಿಲ ಕುಳ ಬಂಡೆಗೆ ತಗುಲಿದರೆ ಎತ್ತುಗಳು ನಿಲ್ಲುತ್ತಿದ್ದುವು. ನಿಲ್ಲದಿದ್ದರೆ ಮಿಣಿ ಹರಿಯುತ್ತಿತ್ತು, ಅದೂ ಅಲ್ಲವಾದರೆ ಮರ ಮುರಿಯುತ್ತಿತ್ತು. ನಷ್ಟವಾಗುವುದಾದರೂ ಅಗ್ಗದ ವಸ್ತುವೇ ಮೊದಲು ನಷ್ಟವಾಗುವಂತೆ ನಮ್ಮ ಹಿರಿಯರು ಕಟ್ಟಿದ್ದರು. ಟ್ರ್ಯಾಕ್ಟರು ಎತ್ತಿನಂತೆ ನಿಲ್ಲುವುದಿಲ್ಲ. ಮೊದಮೊದಲ ಟ್ರ್ಯಾಕ್ಟರುಗಳಲ್ಲಿ ಹಿಂದೆ ಕಟ್ಟಿದ ನೇಗಿಲು ಬಂಡೆಗೆ ಸಿಕ್ಕಿದಾಗ ಮುಂದಿನ ಗಾಲಿಗಳು ಮೇಲೆದ್ದು ಯಂತ್ರವೇ ಚಾಲಕನ ಮೇಲೆ ಮಗುಚಿಬೀಳುತ್ತಿತ್ತು. ಐರ್ಲೆಂಡಿನ ಹ್ಯಾರಿ ಫರ್ಗುಸನ್ ಎಂಬವನು ಇದಕ್ಕೆ ಉಪಾಯ ಹುಡುಕುತ್ತ ವರ್ಷಗಳನ್ನೇ ಕಳೆದು, ಮೂರು ಬಿಂದುಗಳಲ್ಲಿ ಉಪಕರಣವನ್ನು ಹಿಡಿಯುವ ಜೋಡಣೆಯನ್ನು ಸಿದ್ಧಪಡಿಸಿದ. ೧೯೩೮ರಲ್ಲಿ ಹೆನ್ರಿ ಫೋರ್ಡನ ಜೊತೆಗಾದ ಒಪ್ಪಂದದಿಂದ ಅದು ಜಗತ್ತಿಗೆಲ್ಲ ಹಬ್ಬಿತು. ಇಂದು ಸಿಂಧನೂರಿನ ಗದ್ದೆಯಲ್ಲಿ ಓಡಾಡುವ ಯಾವ ಟ್ರ್ಯಾಕ್ಟರಿನ ಹಿಂಭಾಗವನ್ನು ನೋಡಿದರೂ ಅವನ ಮೂರು ಬಿಂದುಗಳು ಕಾಣುತ್ತವೆ.

ಮುಂಭಾಗದ ಕಥೆ ಬೇರೆ. ಅಮೆರಿಕದ ಮಿನೆಸೋಟ ಪ್ರಾಂತದ ರಾತ್ಸೆ ಎಂಬ ಸಣ್ಣ ಊರಿನಲ್ಲಿ ಸಿರಿಲ್ ಮತ್ತು ಲೂಯಿಸ್ ಕೆಲ್ಲರ್ ಎಂಬ ಅಣ್ಣತಮ್ಮಂದಿರು ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದರು. ಟರ್ಕಿ ಕೋಳಿ ಸಾಕುವ ಒಬ್ಬ ರೈತನಿಗೆ ಕೊಟ್ಟಿಗೆಯ ಕಂಬಗಳ ನಡುವೆ ತಿರುಗಾಡಿ ಗೊಬ್ಬರ ಬಾಚುವ ಪುಟ್ಟ ಯಂತ್ರ ಬೇಕಾಗಿತ್ತು. ಅವರು ೧೯೫೭ರಲ್ಲಿ ಮೂರು ಗಾಲಿಯ ಒಂದು ಲೋಡರನ್ನು ಮಾಡಿಕೊಟ್ಟರು. ಮೆಲ್ರೋ ಎಂಬ ಕಂಪನಿ ಅದನ್ನು ಕೈಗೆತ್ತಿಕೊಂಡು ಬೆಳೆಸಿತು; ಬಾಬ್‌ಕ್ಯಾಟ್ ಎಂದು ಹೆಸರಿಟ್ಟಿತು; ೧೯೭೦ರಲ್ಲಿ ಬಕೆಟ್ಟನ್ನು ತಟ್ಟನೆ ಬದಲಿಸುವ ಪ್ಲೇಟನ್ನು ಅದಕ್ಕೆ ಅಳವಡಿಸಿತು. ನಮ್ಮ ಇಂದಿನ ಪ್ಲೇಟು ಆ ವಂಶದ್ದೇ. ಇನ್ನೊಂದು ಸ್ವಾರಸ್ಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಜಾನ್ ಡಿಯರ್ ಎಂಬ ಹೆಸರಿನ ಹಸಿರು ಟ್ರ್ಯಾಕ್ಟರು ಇದೆಯಲ್ಲ, ಆ ಜಾನ್ ಡಿಯರ್ ಕಮ್ಮಾರ. ೧೮೩೭ರಲ್ಲಿ ಮುರಿದ ಗರಗಸದ ಅಲಗಿನಿಂದ ನೇಗಿಲು ಮಾಡಿ ಹೆಸರು ಪಡೆದವನು. ಹಳ್ಳಿಯ ಜನ ಮಣ್ಣೆತ್ತುವ ಯಂತ್ರಕ್ಕೆಲ್ಲ ಜೇಸಿಬಿ ಎಂದೇ ಕರೆಯುತ್ತಾರೆ. ಆ ಮೂರಕ್ಷರದ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ೧೯೪೫ರಲ್ಲಿ ಇಂಗ್ಲೆಂಡಿನ ಒಂದು ಬಾಡಿಗೆ ಕೊಟ್ಟಿಗೆಯಲ್ಲಿ ಹಳೆಯ ವೆಲ್ಡಿಂಗ್ ಯಂತ್ರ ಇಟ್ಟುಕೊಂಡು ಕೆಲಸ ಆರಂಭಿಸಿದವನು. ದೊಡ್ಡ ಕಾರ್ಖಾನೆಗಳ ಬೇರು ಹುಡುಕುತ್ತ ಹೋದರೆ ಕೊನೆಗೆ ಸಿಗುವುದು ರಿಪೇರಿ ಅಂಗಡಿಯೇ.

ಈಗ ನಮ್ಮ ಸೀಮೆಗೆ ಬರೋಣ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ದೋಆಬು ಬರದ ನಾಡು. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿ, ಎಡದಂಡೆಯ ಕಾಲುವೆ ಮುಂದುವರಿದಂತೆಲ್ಲ ಸಿಂಧನೂರಿನ ಎರೆಹೊಲಗಳು ಗದ್ದೆಗಳಾದುವು. ಆಂಧ್ರದ ಕರಾವಳಿಯಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿದರು. ೧೯೫೯ರಲ್ಲಿ ಫರೀದಾಬಾದಿನಲ್ಲಿ ಐಷರ್ ಟ್ರ್ಯಾಕ್ಟರು ತಯಾರಾಗಿ ಸ್ವದೇಶಿ ಟ್ರ್ಯಾಕ್ಟರಿನ ಯುಗ ಮೊದಲಾಯಿತು. ಜೋಳ ನವಣೆಗಳ ಊರು ಭತ್ತದ ಊರಾಯಿತು, ಭತ್ತದ ಊರು ಟ್ರ್ಯಾಕ್ಟರಿನ ಊರಾಯಿತು. ಇದನ್ನೆಲ್ಲ ಬರೆದವರು ಬಹಳ ಮಂದಿ ಇದ್ದಾರೆ. ಊರ ಬಾಗಿಲ ಕುಲುಮೆ ಏನಾಯಿತೆಂದು ಬರೆದವರು ಕಡಿಮೆ.

ಕಮ್ಮಾರನು ಆಯಗಾರರಲ್ಲಿ ಒಬ್ಬ. ವರ್ಷವಿಡೀ ರೈತರ ಕುಳ ತಟ್ಟಿಕೊಡುವುದು, ಕುಡುಗೋಲಿಗೆ ಹಲ್ಲು ಕೊಯ್ದುಕೊಡುವುದು, ಕೂರಿಗೆ ಕುಂಟೆಗಳ ಸೊಟ್ಟು ತೆಗೆಯುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣದ ಮೇಲೆ ಇಷ್ಟು ಧಾನ್ಯವೆಂದು ಅವನ ಆಯ. ಹೊಸದನ್ನು ಮಾಡಿದ್ದಕ್ಕೆ ಬೇರೆ ಲೆಕ್ಕ, ಹಳೆಯದನ್ನು ಸರಿಪಡಿಸುವುದು ಆಯದೊಳಗೇ ಸೇರಿದ್ದು. ಅಂದರೆ ನಮ್ಮ ಹಳ್ಳಿಗಳು ರಿಪೇರಿಯನ್ನು ವ್ಯಾಪಾರವೆಂದು ಎಣಿಸಿರಲಿಲ್ಲ. ನೀರಗಂಟಿ ನೀರು ಬಿಡುವಂತೆ, ತಳವಾರ ಊರು ಕಾಯುವಂತೆ, ಅದೂ ಊರು ನಡೆಯಲು ಬೇಕಾದ ಸೇವೆ ಎಂದು ತಿಳಿದಿದ್ದುವು. ಆ ಏರ್ಪಾಟಿನಲ್ಲಿ ಕಮ್ಮಾರನಿಗೆ ಅನ್ಯಾಯವೂ ಆಗುತ್ತಿತ್ತು. ಬರ ಬಂದ ವರ್ಷ ಕಣವೂ ಬರಿದು, ಅವನ ಗಡಿಗೆಯೂ ಬರಿದು. ಅದನ್ನು ಹೊಗಳಿ ಹಾಡುವುದಕ್ಕೆ ನಾನು ಸಿದ್ಧನಿಲ್ಲ.

ಕಬ್ಬಿಣ ಇಲ್ಲಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಹಟ್ಟಿಯ ನೆರೆಯ ಮಸ್ಕಿಯಲ್ಲಿ ೧೯೫೪ರಲ್ಲಿ ಬಿ. ಕೆ. ಥಾಪರ್ ಅವರು ಅಗೆದಾಗ ಬೃಹತ್ ಶಿಲಾಸಮಾಧಿಗಳ ಕಾಲದ ಜನ ಕಬ್ಬಿಣ ಬಳಸಿದ್ದು ತಿಳಿದುಬಂತು. ಆ ಮಸ್ಕಿ ಅಶೋಕನ ಹೆಸರನ್ನೇ ಹೇಳುವ ಶಾಸನದಿಂದ ಪ್ರಸಿದ್ಧವಾಗಿದೆ. ಆ ಶಾಸನವನ್ನು ೧೯೧೫ರಲ್ಲಿ ಕಂಡವನು ಇತಿಹಾಸದ ಪಂಡಿತನಲ್ಲ. ನಿಜಾಮ್ ಸರ್ಕಾರದ ಪರವಾಗಿ ಚಿನ್ನ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಗಣಿ ಇಂಜಿನಿಯರು. ಚಿನ್ನಕ್ಕಾಗಿ ಬಂಡೆ ನೋಡಹೋದವನಿಗೆ ಬಂಡೆಯ ಮೇಲಿನ ಅಕ್ಷರ ಸಿಕ್ಕಿತು! ಇನ್ನು ಉಕ್ಕಿನ ಮಾತು. ಇಂಗ್ಲಿಷಿನಲ್ಲಿ ‘ವೂಟ್ಜ್’ ಎಂಬ ಹೆಸರಿನಿಂದ ದಕ್ಷಿಣ ಭಾರತದ ಉಕ್ಕು ೧೭೯೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ವಿದ್ವಾಂಸರ ಮುಂದೆ ಪರೀಕ್ಷೆಗೆ ನಿಂತಿತು. ಆ ಶಬ್ದ ನಮ್ಮ ‘ಉಕ್ಕು’ ಎಂಬುದೇ ಕೆಟ್ಟು ಆದದ್ದೆಂದು ಹಲವರ ಮತ. ಹಟ್ಟಿಯನ್ನು ‘ಹುಟ್ಟಿ’ ಎಂದು ಬರೆದ ನಾಲಗೆಗಳಿಗೆ ಉಕ್ಕು ವೂಟ್ಜ್ ಆಗುವುದು ಕಷ್ಟವೇನಲ್ಲ.

ಹಟ್ಟಿಯ ಹಳೆಯ ಗಣಿಗಾರರ ಮುಖ್ಯ ಆಯುಧ ಬೆಂಕಿ. ಬಂಡೆಯ ಮೈಗೆ ಕಟ್ಟಿಗೆ ಒಟ್ಟಿ ಉರಿಸಿ, ಕಾದ ಕಲ್ಲು ತಣಿಯುವಾಗ ಬಿರುಕು ಬಿಡುವಂತೆ ಮಾಡಿ, ಆ ಬಿರುಕಿನಲ್ಲಿ ಉಳಿ ಸುತ್ತಿಗೆಗಳಿಂದ ಬೆಣಚುಕಲ್ಲನ್ನು ಬಿಡಿಸಿ ತೆಗೆಯುವುದು ಅವರ ಕ್ರಮ. ಬೇಗ ತಣಿಸುವುದಕ್ಕೆ ನೀರೆರಚುವ ಪದ್ಧತಿಯೂ ಪ್ರಾಚೀನ ಗಣಿಗಳಲ್ಲಿ ಉಂಟು. ಹೀಗೆ ಅವರು ೬೪೦ ಅಡಿಗಳವರೆಗೆ ಇಳಿದಿದ್ದರು. ಕಂದೀಲೂ ಇಲ್ಲದ, ಗಾಳಿಯ ಯಂತ್ರವೂ ಇಲ್ಲದ ಕಾಲದಲ್ಲಿ ಆ ಆಳದಲ್ಲಿ ಬೆಂಕಿ ಹಚ್ಚುವುದೆಂದರೆ ಏನೆಂದು ಊಹಿಸಿಕೊಳ್ಳಬೇಕು. ಒಳಗೆ ಸಿಕ್ಕ ಹಳೆಯ ಮರದ ತುಂಡುಗಳನ್ನು ಇಂಗಾಲದ ವಿಧಾನದಿಂದ ಪರೀಕ್ಷಿಸಿದಾಗ ಅವು ಸುಮಾರು ಎರಡು ಸಾವಿರ ವರ್ಷದ ಹಿಂದಿನವು ಎಂದು ತಿಳಿಯಿತು. ಅಷ್ಟು ಆಳದಲ್ಲಿ ದಿನವೂ ಮೊಂಡಾಗುವ, ಸೊಟ್ಟಾಗುವ ಉಳಿಗಳನ್ನು ಮೇಲೆ ಕುಳಿತು ಹದಮಾಡಿಕೊಟ್ಟ ಕಮ್ಮಾರನಿಲ್ಲದೆ ಒಂದು ಗುಲಗಂಜಿ ಚಿನ್ನವೂ ಹೊರಗೆ ಬರುತ್ತಿರಲಿಲ್ಲ. ಶಾಸನಗಳಲ್ಲಿ ಅವನ ಹೆಸರಿಲ್ಲ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಂಪನಿಯವರು ಬಂದು ಗಣಿ ತೆರೆದರು. ೧೯೨೦ರ ಸುಮಾರಿಗೆ ಅದು ನಿಂತಿತು. ೧೯೪೭ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಕಂಪನಿಯಾಗಿ ಮತ್ತೆ ಎದ್ದಿತು. ೧೯೫೬ರಲ್ಲಿ ರಾಜ್ಯಗಳ ವಿಂಗಡಣೆಯಾದಾಗ ಹಟ್ಟಿಯ ಹೆಸರು ಪಡೆಯಿತು. ಕೈಯಿಂದ ಬಂಡೆ ಕೊರೆಯುವ ಯಾವ ಗಣಿಯಲ್ಲಿಯೂ ಕುಲುಮೆಯದು ಮುಖ್ಯ ಸ್ಥಾನ. ಕೊರೆಯುವ ಸರಳಿನ ತುದಿಯನ್ನು ಕೆಂಪಗೆ ಕಾಯಿಸಿ, ತಟ್ಟಿ, ನೀರಿಗದ್ದಿ ಗಡಸು ಮಾಡುತ್ತಾರೆ. ಬರಿಯ ಗಡಸಾದರೆ ಗಾಜಿನಂತೆ ಒಡೆಯುತ್ತದೆ. ಆದ್ದರಿಂದ ಅರೆಬಿಸಿಯಲ್ಲಿ ಹೊರತೆಗೆದು, ಒಳಗಿನ ಕಾವು ತುದಿಗೆ ಹರಿಯುವಾಗ ಮೈಮೇಲೆ ಓಡುವ ಬಣ್ಣವನ್ನು ನೋಡುತ್ತಾರೆ. ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಬೇಕಾದ ಬಣ್ಣ ತುದಿಗೆ ಬಂದ ಕ್ಷಣ ಮತ್ತೆ ನೀರು. ಬಂಡೆಯನ್ನು ಒಡೆಯುವುದೂ ಕಾವು ಮತ್ತು ನೀರು, ಬಂಡೆಯನ್ನು ಗೆಲ್ಲುವ ಉಳಿಯನ್ನು ಮಾಡುವುದೂ ಕಾವು ಮತ್ತು ನೀರು. ಎಲ್ಲಿ ನೀರು ಹಾಕಬೇಕು, ಎಲ್ಲಿ ಹಾಕಬಾರದು ಎಂಬುದೇ ಈ ವಿದ್ಯೆಯ ಸಾರ.

ನೀರು ಬೇಕಾದ ಇನ್ನೊಂದು ಸಂದರ್ಭವನ್ನು ನನ್ನ ವಯಸ್ಸಿನವರು ಕಣ್ಣಾರೆ ಕಂಡಿದ್ದೇವೆ. ಬಂಡಿಯ ಮರದ ಗಾಲಿಗೆ ಕಬ್ಬಿಣದ ಹಳಿ ಏರಿಸುವುದು. ಹಳಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿಯೇ ಬೆಸೆದಿರುತ್ತಾರೆ. ಕುಳ್ಳು ಕಟ್ಟಿಗೆಗಳ ರಾಶಿಯಲ್ಲಿ ಅದನ್ನಿಟ್ಟು ಸುಟ್ಟರೆ ಅದು ಹಿಗ್ಗುತ್ತದೆ. ಐದಡಿ ಅಡ್ಡಳತೆಯ ಹಳಿಯ ಸುತ್ತಳತೆ ಕೆಂಪಗೆ ಕಾದಾಗ ಒಂದು ಅಂಗುಲಕ್ಕೂ ಮಿಗಿಲಾಗಿ ಬೆಳೆಯುತ್ತದೆ. ನಾಲ್ಕು ಜನ ಇಕ್ಕಳ ಹಿಡಿದು ಓಡಿಬಂದು ಅದನ್ನು ಗಾಲಿಗೆ ತೊಡಿಸುವರು. ಮರ ಹೊಗೆಯಾಡುತ್ತಿರುವಾಗಲೇ ಕೊಡಗಟ್ಟಲೆ ನೀರು. ಹಳಿ ಕುಗ್ಗಿ, ಅರೆಕಾಲುಗಳನ್ನು ಗುಂಬಕ್ಕೆ ಒತ್ತಿ, ಮೊಳೆಯ ಹಂಗಿಲ್ಲದೆ ಗಾಲಿಯನ್ನು ಒಂದು ಮೈ ಮಾಡುತ್ತದೆ. ಆಗ ಕೇಳುವ ಕಿರಿಕಿರಿ ಶಬ್ದವನ್ನು ಕೇಳಿದವರು ಮರೆಯಲಾರರು. ಹಿಗ್ಗಿದ ಕಬ್ಬಿಣ ಕುಗ್ಗುವಾಗ ಎಳೆಯುವ ಬಲವನ್ನು ಯಾವ ಪೈಲ್ವಾನನೂ ಎಳೆಯಲಾರ.

ಆ ಬಲವನ್ನೇ ಸೊಟ್ಟು ತೆಗೆಯುವುದಕ್ಕೂ ಬಳಸಬಹುದೆಂದು ನನಗೆ ಮನವರಿಕೆಯಾದದ್ದು ಲಿಂಗಸುಗೂರಿನಿಂದ ಹಟ್ಟಿಗೆ ಹೋಗುವ ದಾರಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ. ಅಂಗಡಿಯಾತ ಕಮ್ಮಾರರ ಮನೆಯವನು, ಅರವತ್ತು ದಾಟಿದವನು. ಕುಲುಮೆಯ ಜಾಗದಲ್ಲಿ ಗ್ಯಾಸ್ ಸಿಲಿಂಡರು, ತಿದಿಯ ಜಾಗದಲ್ಲಿ ರಬ್ಬರಿನ ಕೊಳವೆ. ಅಡಿಗಲ್ಲು ಮಾತ್ರ ಹಳೆಯದೇ. ಒಬ್ಬ ರೈತರು ತಮ್ಮ ಲೋಡರಿನ ಪ್ಲೇಟನ್ನು ಬಿಚ್ಚಿ ತಂದು, ಕಾಯಿಸಿ ನಾಲ್ಕು ಏಟು ಹಾಕಿಬಿಡು ಎಂದು ಅವಸರ ಮಾಡುತ್ತಿದ್ದರು. ಮುದುಕ ಸುತ್ತಿಗೆ ಮುಟ್ಟಲಿಲ್ಲ. ಮೊದಲು ಗ್ರೀಸು ಮಣ್ಣು ಎಲ್ಲ ಕೆರೆಸಿದ. ಆಮೇಲೆ ಮೂಲೆಯಿಂದ ಮೂಲೆಗೆ ಎರಡು ನೂಲು ಎಳೆದು ಕತ್ತರಿಯಾಕಾರದಲ್ಲಿ ಹಿಡಿಸಿದ. ಪ್ಲೇಟು ಸಪಾಟಾಗಿದ್ದರೆ ಎರಡು ನೂಲೂ ನಡುವೆ ಒಂದನ್ನೊಂದು ಸವರಿಕೊಂಡು ಹೋಗಬೇಕು. ಇಲ್ಲಿ ನಡುವೆ ಬೆರಳು ತೂರುವಷ್ಟು ಸಂದು.

“ಇದು ಬರೇ ಬಾಗಿಲ್ರಿ ಗೌಡ್ರ, ತಿರುವ್ಯಾದ” ಎಂದ.

ಬಾಗಿದ್ದಕ್ಕೂ ತಿರುಚಿಕೊಂಡದ್ದಕ್ಕೂ ಚಿಕಿತ್ಸೆ ಬೇರೆ. ಬಾಗಿದ್ದಾದರೆ ದಪ್ಪ ತೊಲೆಗೆ ಸರಪಣಿಯಿಂದ ಕಟ್ಟಿ, ಉಬ್ಬಿದ ಕಡೆ ಜಾಕು ಕೊಟ್ಟು ಒತ್ತಿದರೆ ಸಾಕು. ಒತ್ತುವುದನ್ನು ನೆಟ್ಟಗಾದಲ್ಲಿಗೇ ನಿಲ್ಲಿಸಬಾರದು. ಕಬ್ಬಿಣಕ್ಕೆ ತುಸು ಹಿಂದಕ್ಕೆ ಹಾರುವ ಗುಣವುಂಟು, ಆದ್ದರಿಂದ ಒಂದು ನೂಲಿನಷ್ಟು ಆಚೆಗೆ ತಳ್ಳಿ ಬಿಡಬೇಕು. ತಿರುಚಿಕೊಂಡಿದ್ದರೆ ಎದುರುಬದುರು ಮೂಲೆಗಳನ್ನು ಹಿಡಿದು ಮತ್ತೆರಡನ್ನು ಒತ್ತಬೇಕು, ಸ್ವಲ್ಪ ಸ್ವಲ್ಪವಾಗಿ, ಸಾರಿ ಸಾರಿಗೂ ನೂಲು ಹಿಡಿದು. ತಣ್ಣಗೆ ಬಗ್ಗದಿದ್ದರೆ ಮಾತ್ರ ಕಾವು. ಕಾಯಿಸುವುದಾದರೆ ಮಂಕಾದ ಕೆಂಪಿನವರೆಗೆ, ಆರುನೂರೈವತ್ತು ಡಿಗ್ರಿಯ ಆಸುಪಾಸು. ಅರೆಬಿಸಿಯಲ್ಲಿ, ಮೈ ನೀಲಿಗಟ್ಟಿರುವಾಗ ಬಡಿಯಬಾರದು. ಆ ಕಾವಿನಲ್ಲಿ ಮೆದು ಕಬ್ಬಿಣವೂ ಪೆಡಸಾಗಿ ಸೀಳುತ್ತದೆ. ಕೆಲವು ಹೊಸ ಪ್ಲೇಟುಗಳನ್ನು ವಿಶೇಷ ಹದದ ಗಟ್ಟಿ ಉಕ್ಕಿನಿಂದ ಮಾಡಿರುತ್ತಾರೆ; ಅವನ್ನು ಕಾಯಿಸಿದರೆ ಕಾರ್ಖಾನೆಯ ಹದವೇ ಹೋಗುತ್ತದೆ, ನೋಡುವುದಕ್ಕೆ ನೆಟ್ಟಗಾಗಿ ಒಳಗೆ ಬಡವಾಗುತ್ತದೆ.

ಕೊನೆಗೆ ಉಳಿದ ಚೂರು ಬಾಗನ್ನು ಮುದುಕ ತೆಗೆದ ರೀತಿಯೇ ನನ್ನನ್ನು ನಿಲ್ಲಿಸಿದ್ದು. ಉಬ್ಬಿದ ಕಡೆಯಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಆ ಗೆರೆಯ ಮೇಲಷ್ಟೇ ಉರಿ ಹಿಡಿದ. ಗೆರೆ ಕೆಂಪಾಯಿತು. ಕಾದ ಭಾಗ ಹಿಗ್ಗಬೇಕು. ಸುತ್ತಲಿನ ತಣ್ಣನೆಯ ಕಬ್ಬಿಣ ಬಿಡುವುದಿಲ್ಲ. ಹಿಗ್ಗಲು ದಾರಿಯಿಲ್ಲದೆ ಅದು ತನ್ನಲ್ಲೇ ದಪ್ಪಗಾಗುತ್ತದೆ. ಆರುವಾಗ ಮೊದಲಿಗಿಂತ ಗಿಡ್ಡಾಗಿ, ತನ್ನ ಕಡೆಗೆ ಪ್ಲೇಟನ್ನು ಎಳೆದುಕೊಳ್ಳುತ್ತದೆ. ಸುತ್ತಿಗೆಯಿಲ್ಲ, ಜಾಕಿಲ್ಲ; ಹತ್ತು ನಿಮಿಷದಲ್ಲಿ ಉಬ್ಬು ಇಳಿದಿತ್ತು. ಬಂಡಿಯ ಹಳಿಯ ವಿದ್ಯೆಯೇ ಇದು. ಅಂಗಡಿಯ ಹುಡುಗ ಬೇಗ ಮುಗಿಯಲೆಂದು ನೀರಿನ ಚೊಂಬು ತಂದ. “ನೀರ್ ಹಾಕಬ್ಯಾಡೋ ತಮ್ಮಾ, ತಾನಾ ಆರ್ಲಿ” ಎಂದು ಮುದುಕ ಚೊಂಬನ್ನು ಇಸಿದುಕೊಂಡು ತಾನೇ ಕುಡಿದ. ಪ್ಲೇಟಿನ ಉಕ್ಕು ಎಂಥದೋ ಯಾರು ಬಲ್ಲರು? ಹದ ತಿಳಿಯದ ಉಕ್ಕಿಗೆ ನೀರು ಬಿದ್ದರೆ ಅದು ಗಡಸಾಗಿ, ಹೊಲದಲ್ಲಿ ಮೊದಲ ಬಂಡೆಗೆ ಮಣಿಯುವ ಬದಲು ಮುರಿಯುತ್ತದೆ. ಮಣಿದ ಪ್ಲೇಟು ಎಚ್ಚರಿಕೆ ಕೊಡುತ್ತದೆ, ಮುರಿಯುವ ಪ್ಲೇಟು ಕೊಡುವುದಿಲ್ಲ.

ಇಷ್ಟಾದರೂ ಕೆಲಸ ಮುಗಿದಿರಲಿಲ್ಲ. ಬಾಗಿದ ಕಬ್ಬಿಣದಲ್ಲಿ ಕಣ್ಣಿಗೆ ಕಾಣದ ಸೀಳು ಇರಬಹುದು, ವಿಶೇಷವಾಗಿ ಬೆಸುಗೆಯ ಅಂಚಿನಲ್ಲಿ. ಮುದುಕ ಸೀಮೆಎಣ್ಣೆಯಲ್ಲಿ ಅರಿವೆ ಅದ್ದಿ ಬೆಸುಗೆಗಳ ಮೇಲೆ ಸವರಿದ. ಸ್ವಲ್ಪ ಹೊತ್ತು ಬಿಟ್ಟು ಒರಸಿ ಸೀಮೆಸುಣ್ಣ ಉಜ್ಜಿದ. ಸೀಳಿನೊಳಗೆ ಸೇರಿದ ಎಣ್ಣೆ ಸುಣ್ಣದ ಮೇಲೆ ಕೂದಲೆಳೆಯ ಗೆರೆಯಾಗಿ ಮೂಡಿತು. ಎಡಗಡೆಯ ಪಿನ್ನಿನ ಗೂಡಿನ ಬುಡದಲ್ಲಿ ಎರಡಂಗುಲದ ಸೀಳು. ರೈತರು ಮೇಲೊಂದು ಪಟ್ಟಿ ಹಚ್ಚಿಬಿಡು ಎಂದರು. ಹಾಗೆ ಮಾಡುವವರೇ ಹೆಚ್ಚು. ಪಟ್ಟಿಯ ಮೇಲೆ ಪಟ್ಟಿ ಹಚ್ಚಿ ಪ್ಲೇಟನ್ನು ಭಿಕ್ಷುಕನ ಕೌದಿಯಂತೆ ಮಾಡಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಮೇಲೆ ಮುಚ್ಚಿದ ಸೀಳು ಒಳಗೆ ಓಡುತ್ತಲೇ ಇರುತ್ತದೆ. ಮುದುಕ ಸೀಳಿನ ತುದಿಯಲ್ಲಿ ಸಣ್ಣ ತೂತು ಕೊರೆದು ಅದರ ಓಟಕ್ಕೆ ತಡೆ ಹಾಕಿದ. ಸೀಳನ್ನು ಬುಡದವರೆಗೆ ಉಜ್ಜಿ ತೆಗೆದ. ಬಕೆಟ್ಟನ್ನೇ ತರಿಸಿ ಪ್ಲೇಟಿಗೆ ಕೂಡಿಸಿ ಬಿಗಿದು, ಆಮೇಲೆ ಬೆಸೆದ. ಬೆಸುಗೆಯೂ ಆರುವಾಗ ಎಳೆಯುತ್ತದಷ್ಟೆ; ಬಕೆಟ್ಟಿಗೆ ಬಿಗಿದಿದ್ದರೆ ಎಳೆತಕ್ಕೆ ಪ್ಲೇಟು ಮತ್ತೆ ಸೊಟ್ಟಾಗದು. ಬಲಕ್ಕೆಂದು ಹಚ್ಚಿದ ಒಂದೇ ಪಟ್ಟಿಯ ತುದಿಗಳನ್ನು ದುಂಡಗೆ ಕತ್ತರಿಸಿದ್ದ. ಚೌಕ ತುದಿಯಾದರೆ ಭಾರವೆಲ್ಲ ಆ ಮೂಲೆಗೆ ಸೇರಿ ಮುಂದಿನ ಸೀಳು ಅಲ್ಲಿಂದಲೇ ಹುಟ್ಟುತ್ತದೆ.

ಬಲಗಡೆಯ ಪಿನ್ನು ಸವೆದು ಒಂದು ಪಕ್ಕ ತಿಂದುಹೋಗಿತ್ತು. ಅದನ್ನು ಬೆಸುಗೆ ತುಂಬಿಸಿ ಉಜ್ಜಿಕೊಡೆಂದು ರೈತರು ಕೇಳಿದರು. ಮುದುಕ ಒಪ್ಪಲಿಲ್ಲ. “ಪಿನ್ ಹೊಸಾದು ತರ್ರಿ. ಅದನ್ನ ನಾ ಮಾಡಂಗಿಲ್ಲ” ಎಂದು ಕೈ ಒರೆಸಿಕೊಂಡ. ಕೂಲಿ ಹೋದರೂ ಚಿಂತೆಯಿಲ್ಲ ಎಂಬ ದನಿ. ರೈತರಿಗೆ ಸಿಟ್ಟು ಬಂತು; ಲಿಂಗಸುಗೂರಿಗೆ ಹೋಗಿಬರುವುದಕ್ಕೆ ಮಧ್ಯಾಹ್ನವೇ ಕಳೆಯಿತು; ಆದರೂ ತಂದರು.

ಪ್ಲೇಟನ್ನು ತೋಳಿಗೆ ಏರಿಸಿ ಬಕೆಟ್ಟನ್ನು ಕೂಡಿಸಿದ ಮೇಲೆ ಪರೀಕ್ಷೆ ನಡೆಯಿತು. ಹತ್ತಿರ ಯಾರೂ ನಿಲ್ಲದಂತೆ ಮಾಡಿ, ಬಕೆಟ್ಟನ್ನು ಗೇಣೆತ್ತರಕ್ಕೆ ಎತ್ತಿಸಿ, ಮೂತಿ ಕೆಳಗೆ ಮಾಡಿಸಿ, ಅದರ ಅಂಚನ್ನು ನೆಲಕ್ಕೆ ಒತ್ತಿಸಿದರು. ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಟ್ಟು ನಾಲ್ಕು ಬೆರಳು ಮೇಲೆದ್ದುವು. ಬೀಗ ಹುಸಿಯಾಗಿದ್ದರೆ ಬಕೆಟ್ಟಿನ ಬೆನ್ನು ಅಲ್ಲಿಯೇ ಪ್ಲೇಟಿನಿಂದ ಕಳಚಿಕೊಳ್ಳುತ್ತಿತ್ತು. ಕಳಚಲಿಲ್ಲ. ಯಂತ್ರ ನಿಲ್ಲಿಸಿ ಬಗ್ಗಿ ನೋಡಿದಾಗ ಎರಡು ಪಿನ್ನುಗಳೂ ಕಿಂಡಿಯ ಕೆಳಗೆ ಸಮನಾಗಿ ಮೂತಿ ಚಾಚಿದ್ದುವು. ಮುದುಕ ಅವುಗಳ ಮೇಲೆ ಸೀಮೆಸುಣ್ಣದಿಂದ ಒಂದೊಂದು ಗುರುತು ಹಾಕಿ, ದಿನಾ ಬೆಳಿಗ್ಗೆ ಈ ಗುರುತು ಕಂಡ ಮೇಲೆಯೇ ಭಾರ ಎತ್ತಬೇಕೆಂದು ಚಾಲಕನ ಹುಡುಗನಿಗೆ ಎರಡು ಸಲ ಹೇಳಿಸಿಕೊಂಡು, ಸಿಲಿಂಡರಿನ ಬಾಯಿ ತಿರುಗಿಸಿದ.